ಸ್ವಂತ ಮನೆ: ಮುಂಗಡ ಕೊಡುವ ಮುನ್ನ

ಬಾಡಿಗೆ ಖೋಲಿಯಲ್ಲಿ ದಿನ ಕಳೆಯುವ ನಮ್ಮ ಬಂಧುಗಳಿಗೆ ಸ್ವಂತ ಮನೆಯ ಆಸೆ ಸಹಜವೇ. ಆದರೆ ಹತ್ತು ವರ್ಷ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣ ಒಂದು ರುಜುವಿನಿಂದ ಹೋಗಬಾರದಷ್ಟೆ? ಆದುದರಿಂದ ಮನೆ ಹುಡುಕುವ ಮೊದಲೇ ನಾಲ್ಕು ಮಂದಿ ತಿಳಿದವರ ಸಂಗ ಮಾಡಿರಿ.

ಇದು ಹೊಸ ಮಾತಲ್ಲ. ಕೆನರಾ ಸೀಮೆಯಿಂದ ಮುಂಬಯಿಗೆ ಬಂದ ಸಾರಸ್ವತರು, ಶ್ರೀಪಾದ ಸುಬ್ರಾವ್ ತಲ್ಮಕಿಯವರ ಮುಂದಾಳುತನದಲ್ಲಿ, 1915ರಲ್ಲಿಯೇ ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನು ಕಟ್ಟಿದರು. ಒಬ್ಬೊಬ್ಬರಿಂದ ಆಗದ ಕೆಲಸ ಹಲವರು ಕೂಡಿದಾಗ ಆಯಿತು.

ಕಟ್ಟುವವನು ಹಿಂದೆ ಕಟ್ಟಿದ ಮನೆಗಳಿಗೆ ಒಂದು ಭಾನುವಾರ ಹೋಗಿ ಅಲ್ಲಿನವರನ್ನೇ ವಿಚಾರಿಸಿರಿ. ಹೇಳಿದ ಅವಧಿಗೆ ಬೀಗದ ಕೈ ಕೊಟ್ಟನೇ? ಸೊಸೈಟಿಯ ಹೆಸರಿಗೆ ಭೂಮಿಯನ್ನು ಬರೆದುಕೊಟ್ಟನೇ? ದಲ್ಲಾಳಿ ಹೇಳದ ಸಂಗತಿಯನ್ನು ಅವರು ಹೇಳುವರು.

ಬಳಿಕ ಕಾನೂನಿನ ಮಾತು. 2016ರ ರೇರಾ ಕಾಯಿದೆಯಂತೆ, ಕಟ್ಟಡ ಕಟ್ಟುವ ದೊಡ್ಡ ಯೋಜನೆಗಳೆಲ್ಲ ನೋಂದಣಿಯಾಗಿರಬೇಕು. ಆಯಾ ರಾಜ್ಯದ ರೇರಾ ಜಾಲತಾಣದಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70 ಪಾಲನ್ನು ಆ ಕಟ್ಟಡಕ್ಕಾಗಿಯೇ ಬೇರೆ ಖಾತೆಯಲ್ಲಿ ಇಡಬೇಕು. ನೋಂದಾಯಿತ ಕರಾರುಪತ್ರವಾಗದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಅವನು ಪಡೆಯುವಂತಿಲ್ಲ. ಬೆಲೆಯನ್ನು ಕಾರ್ಪೆಟ್ ಅಳತೆಗೆ, ಎಂದರೆ ಮನೆಯೊಳಗೆ ನಾವು ಬಳಸುವ ನೆಲಕ್ಕೆ, ಲೆಕ್ಕ ಹಾಕಿ ನೋಡಿರಿ.

ರುಜು ಹಾಕುವ ಮುನ್ನ ಕರಾರಿನ ಪ್ರತಿಯನ್ನು ಮನೆಗೆ ತಂದು, ಮನೆ ಕೊಂಡು ಅನುಭವವುಳ್ಳ ಗೆಳೆಯರೊಡನೆ ಕುಳಿತು ಓದಿರಿ. ಒಬ್ಬ ವಕೀಲರಿಗೂ ತೋರಿಸಿರಿ. ಅವರಿಗೆ ಕೊಡುವ ಫೀಜು ದಂಡವಲ್ಲ. “ಇಂದೇ ಕೊಡದಿದ್ದರೆ ಮನೆ ಕೈತಪ್ಪೀತು” ಎಂದು ಯಾರಾದರೂ ಅವಸರಪಡಿಸಿದರೆ, ಅಂದು ಹಣ ಕೊಡದೆ ಎದ್ದು ಬನ್ನಿರಿ.