ಉರಿಸಿ ನೋಡಿದ ಬಲ್ಬನ್ನು ಮಾರುವುದು ಹೇಗೆ?

ಬೆಂಗಳೂರು: ಮಲ್ಲೇಶ್ವರದ ಹಳೆಯ ತುಮಕೂರು ರಸ್ತೆಯಲ್ಲಿ ಓಡಾಡುವವರಿಗೆ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಆವರಣ ಅಪರಿಚಿತವೇನಲ್ಲ. 1936ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆಯಲ್ಲಿ 2000ರ ದಶಕದ ಆರಂಭದಲ್ಲಿ ಬಲ್ಬು ತಯಾರಿಕೆ ನಿಂತುಹೋಯಿತು. ಆ ಬಳಿಕ ಸುದ್ದಿಯಾಗಿದ್ದು ಅದರ ಜಾಗವೇ ಹೆಚ್ಚು. ಬಲ್ಬು ತಯಾರಿಸುವವರನ್ನೆಲ್ಲ ಕಾಡುವ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ಮಾರಾಟಕ್ಕೆ ಹೊರಟ ಮಾಲು ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ?

ಸಾಮಾನ್ಯ ತಂತು ಬಲ್ಬಿಗೆ 1,000 ಗಂಟೆಗಳ ಆಯುಷ್ಯ ಎಂಬುದು ರೂಢಿಯ ಮಾನದಂಡ. ಅದನ್ನು ಉರಿಸಿಯೇ ನೋಡಬೇಕು. ಪರೀಕ್ಷೆ ಮುಗಿಯುವ ವೇಳೆಗೆ ಬಲ್ಬೂ ಮುಗಿದಿರುತ್ತದೆ! ಆದ್ದರಿಂದ ರಾಶಿಯಿಂದ ಕೆಲವನ್ನು ಆರಿಸಿ ಪರೀಕ್ಷಿಸದೆ ಗತ್ಯಂತರವಿಲ್ಲ.

ಈ ಮಾದರಿ ತಪಾಸಣೆ ಎಷ್ಟು ನಂಬಲರ್ಹ? ನೂರಕ್ಕೆ 5 ಬಲ್ಬು ದೋಷಪೂರಿತವಾಗಿರುವ ದೊಡ್ಡ ರಾಶಿಯಿಂದ 20 ಬಲ್ಬು ತೆಗೆದರೆ, ಅವುಗಳಲ್ಲಿ ಒಂದೂ ಕೆಟ್ಟದ್ದು ಸಿಗದಿರುವ ಸಾಧ್ಯತೆ ನೂರಕ್ಕೆ ಸುಮಾರು 36. ಆ ಸಾಧ್ಯತೆಯನ್ನು ನೂರಕ್ಕೆ ಐದಕ್ಕಿಂತ ಕೆಳಗಿಳಿಸಲು 59 ಬಲ್ಬು ಸುಡಬೇಕು. ಅದೂ 1,000 ಗಂಟೆ, ಅಂದರೆ ಹಗಲೂ ರಾತ್ರಿ ಸುಮಾರು 42 ದಿನ. ಫಲಿತಾಂಶ ಕೈಸೇರುವಷ್ಟರಲ್ಲಿ ಅದೇ ಯಂತ್ರದಿಂದ ಸಾವಿರಾರು ಬಲ್ಬುಗಳು ಹೊರಬಂದಿರುತ್ತವೆ. ಗಾಜು, ಟಂಗ್‌ಸ್ಟನ್, ಕಾರ್ಮಿಕರ ದುಡಿಮೆ ಎಲ್ಲವೂ ವ್ಯರ್ಥ.

ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ವಾಲ್ಟರ್ ಶೂಹಾರ್ಟ್. ಸಿದ್ಧವಾದ ಮಾಲನ್ನು ಸೋಸುವ ಬದಲು ತಯಾರಿಕೆಯನ್ನೇ ಗಮನಿಸಿ ಎಂಬುದು 1924ರಲ್ಲಿ ಅವರು ರೂಪಿಸಿದ ನಿಯಂತ್ರಣ ನಕ್ಷೆಯ ಸಾರ. ತಂತುವಿನ ದಪ್ಪವನ್ನೇ ತೆಗೆದುಕೊಳ್ಳಿ. ಅದು ತೆಳುವಾದ ಕಡೆ ಹೆಚ್ಚು ಕಾಯುತ್ತದೆ, ಬೇಗ ಸವೆದು ತುಂಡಾಗುತ್ತದೆ. ಆಗಾಗ ಕೆಲವು ತಂತುಗಳನ್ನು ಅಳೆದು, ಸರಾಸರಿಯನ್ನು ನಕ್ಷೆಯಲ್ಲಿ ಚುಕ್ಕಿಯಾಗಿ ಗುರುತಿಸಲಾಗುತ್ತದೆ. ಮೇಲೊಂದು, ಕೆಳಗೊಂದು ಮಿತಿರೇಖೆ. ಚುಕ್ಕಿ ಮಿತಿ ದಾಟಿದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಮಿತಿಯೊಳಗೇ ಅತ್ತಿತ್ತ ಓಲಾಡುತ್ತಿದ್ದರೆ ಯಂತ್ರವನ್ನು ಮುಟ್ಟಬಾರದು. ಎರಡನೆಯದನ್ನು ಪಾಲಿಸುವುದೇ ಕಷ್ಟ! ಪ್ರತಿ ಏರಿಳಿತಕ್ಕೂ ತಿರುಪು ತಿರುಗಿಸುವ ಉತ್ಸಾಹಿಯಿಂದ ವ್ಯತ್ಯಾಸ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಪಿ.ಸಿ. ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದಿದ್ದರು. ಕಾರ್ಖಾನೆಗಳಿಗೆ ಈ ವಿದ್ಯೆ ಕಲಿಸಲು ಸಂಸ್ಥೆಯು 1950ರ ದಶಕದಲ್ಲಿ ಬೆಂಗಳೂರಿನಲ್ಲೂ ಘಟಕ ತೆರೆಯಿತು.

ಅಳತೆಗೋಲು ಸದಾ ಗ್ರಾಹಕನ ಪರವಾಗಿಯೇ ಇರುತ್ತದೆಂದು ಭಾವಿಸಬೇಕಿಲ್ಲ. 1924ರಲ್ಲೇ ಜಗತ್ತಿನ ಪ್ರಮುಖ ಬಲ್ಬು ತಯಾರಕರು ಫೀಬಸ್ ಎಂಬ ಕೂಟ ಕಟ್ಟಿಕೊಂಡು, 1,000 ಗಂಟೆಗಿಂತ ಹೆಚ್ಚು ಕಾಲ ಉರಿಯುವ ಬಲ್ಬು ತಯಾರಿಸಿದವರಿಗೆ ದಂಡ ವಿಧಿಸುವ ವ್ಯವಸ್ಥೆ ಮಾಡಿದ್ದರು. ಅಲ್ಲಿಯೂ ಬಲ್ಬುಗಳನ್ನು ಶ್ರದ್ಧೆಯಿಂದ ಪರೀಕ್ಷಿಸಲಾಗುತ್ತಿತ್ತು!

ಈಗ ಎಲ್‌ಇಡಿ ಕಾಲ. 25,000 ಗಂಟೆ ಬಾಳಿಕೆ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಪೂರ್ತಿ ಪರೀಕ್ಷಿಸಲು ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಬೇಕು. ಅಷ್ಟು ಕಾಯುವವರು ಯಾರು? ಎಲ್‌ಇಡಿ ಚಿಪ್ಪುಗಳನ್ನು ಕನಿಷ್ಠ 6,000 ಗಂಟೆ ಉರಿಸಿ, ಬೆಳಕು ಎಷ್ಟು ಕುಂದಿತೆಂದು ಅಳೆದು, ಉಳಿದದ್ದನ್ನು ಲೆಕ್ಕ ಹಾಕಿ ಅಂದಾಜಿಸುವುದು ರೂಢಿ. ಆದರೆ ಮನೆಗಳಲ್ಲಿ ಅನೇಕ ವೇಳೆ ಮೊದಲು ಕೆಡುವುದು ಚಿಪ್ಪಲ್ಲ, ಅದಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಡ್ರೈವರ್ ಸರ್ಕ್ಯೂಟು.