ಒಲೆ ಜೊತೆಗಿದ್ದರೆ ಊರೂರೂ ನಮ್ಮದೇ

ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ಹುಲಿಗಿ ದೂರವೇನಲ್ಲ. ಬೆಳಿಗ್ಗೆ ಹೋಗಿ ಹುಲಿಗೆಮ್ಮನಿಗೆ ಕಾಯಿ ಒಡೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೂ ಹುಣ್ಣಿಮೆ ಬಂತೆಂದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಎಷ್ಟೋ ಕುಟುಂಬಗಳು ರಾತ್ರಿ ಅಲ್ಲೇ ಉಳಿಯುವ ತಯಾರಿಯಲ್ಲೇ ಹೊರಡುತ್ತವೆ. ಟ್ರ್ಯಾಕ್ಟರ್ ಟ್ರ್ಯಾಲಿಗೆ ಬಿದಿರಿನ ಕಮಾನು ಬಿಗಿದು, ಮೇಲೆ ತಾಡಪತ್ರಿ ಎಳೆದು, ಒಳಗೆ ಹುಲ್ಲು ಹರವಿ, ಅದರ ಮೇಲೆ ಜಮಖಾನ ಹಾಸಿದರೆ ಮನೆ ಸಿದ್ಧ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ, ನೀರಿನ ಕೊಡ. ತುಂಗಭದ್ರೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿದರೆ ಅಡುಗೆಮನೆಯೂ ಆಯಿತು. ಮೊಣಕಾಲು ನೋಯುವ ಅಜ್ಜಿ ಟ್ರ್ಯಾಲಿಯಿಂದ ಕೆಳಗಿಳಿಯದೆಯೇ ಬದನೆಕಾಯಿ ಸೀಳುತ್ತ, ಸೊಸೆಯಂದಿರಿಗೆ ಉಪ್ಪು ಎಷ್ಟೆಂದು ಹೇಳುತ್ತಿರುತ್ತಾಳೆ.

ನಮ್ಮಲ್ಲಿ ಕ್ಯಾರವಾನ್ ಎನ್ನುವ ಅಮೆರಿಕದವರ ಆರ್‌ವಿಯೂ ಬುಡದಲ್ಲಿ ಇದೇ. ಹಾಸಿಗೆ, ಒಲೆ, ಶೌಚಾಲಯ ಎಲ್ಲ ಗಾಲಿಯ ಮೇಲೆ. ದುಡ್ಡು ಉಳಿಯುತ್ತದೆಂದು ಅದನ್ನು ಮೆಚ್ಚುತ್ತಾರೆ ಎಂಬ ಮಾತಿದೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ದೊಡ್ಡ ಗಾಡಿಯ ಬಾಡಿಗೆ, ಡೀಸೆಲ್ ಲೆಕ್ಕ ಹಾಕಿದರೆ ಗಂಡ ಹೆಂಡತಿ ಇಬ್ಬರಿಗೆ ಲಾಡ್ಜೇ ಅಗ್ಗವಾದೀತು. ಗಾಡಿಯ ಸುಖ ಬೇರೆಯದು. ನಡುರಾತ್ರಿ ಎದ್ದ ಕೂಸಿಗೆ ಹಾಲು ಕಾಯಿಸಲು ಯಾರನ್ನೂ ಎಬ್ಬಿಸಬೇಕಿಲ್ಲ. ಸಕ್ಕರೆ ಕಾಯಿಲೆಯ ಅಜ್ಜನ ಜೋಳದ ರೊಟ್ಟಿ ತಪ್ಪುವುದಿಲ್ಲ. ಊರಿಗೊಮ್ಮೆ ಬ್ಯಾಗು ಬಿಚ್ಚಿ ಕಟ್ಟುವ, ಇಷ್ಟು ಗಂಟೆಗೆ ರೂಮು ಖಾಲಿ ಮಾಡಿ ಎಂದು ಕೇಳಿಸಿಕೊಳ್ಳುವ ಕಿರಿಕಿರಿ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ರೂಮು ಹಿಡಿದರೆ ಮಂದಿ ಒಡೆದು ಹೋಗುತ್ತಾರೆ. ಇಬ್ಬರು ಇಲ್ಲಿ, ಮೂವರು ಮೇಲಿನ ಮಹಡಿಯಲ್ಲಿ. ಮಗ್ಗಕ್ಕೂ ಕೂದಲು ಉದ್ಯಮಕ್ಕೂ ಹೆಸರಾದ ಭಾಗ್ಯನಗರದಲ್ಲಿ ವಾರವಿಡೀ ಒಬ್ಬೊಬ್ಬರದು ಒಂದೊಂದು ದುಡಿಮೆ. ಎಲ್ಲರೂ ಕೂಡುವುದೇ ಜಾತ್ರೆಗೆ. ಅಲ್ಲೂ ಗೋಡೆ ಎದ್ದರೆ ಏನು ಚೆಂದ?

ಟ್ರ್ಯಾಲಿಯನ್ನು ಹೊಗಳಿದ್ದಾಯಿತು, ಅದರ ದೋಷವನ್ನೂ ಹೇಳಬೇಕು. ಸರಕಿನ ಟ್ರ್ಯಾಲಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಹಾಗಾಗಿ ಅನುಕೂಲ ಇದ್ದವರು ಕ್ರೂಸರ್ ಗಾಡಿಯ ನೆತ್ತಿಗೆ ಪಾತ್ರೆಗಂಟು ಕಟ್ಟಿ ಶ್ರೀಶೈಲ, ತಿರುಪತಿ ಮುಟ್ಟಿ ಬರುತ್ತಾರೆ. ಕ್ರೂಸರ್‌ನಲ್ಲಿ ಕೂರುವುದಷ್ಟೇ, ಕಾಲು ಚಾಚಿ ಮಲಗುವಂತಿಲ್ಲ.

ಗಾಡಿಯಲ್ಲೇ ಮಲಗಿ ಊರು ಸುತ್ತುವ ಈ ಆಸೆ ಸರ್ಕಾರಗಳಿಗೂ ತಿಳಿದಂತಿದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಕ್ಯಾರವಾನ್ ಪ್ರವಾಸ ಯೋಜನೆ ಆರಂಭಿಸಿತು. ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್‌ಗೆ ಜಾಗವಿತ್ತು. ಆದರೆ ಕ್ಯಾರವಾನ್ ಎಂದ ಕೂಡಲೇ ಕಣ್ಣು ಕೊಡಗಿನತ್ತ, ಕರಾವಳಿಯತ್ತ ಓಡುತ್ತದೆ. ನನ್ನ ಕೇಳಿದರೆ ಅದು ಮೊದಲು ಬರಬೇಕಾದದ್ದು ಗಂಗಾವತಿ ತಾಲ್ಲೂಕಿಗೆ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿದ್ದ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ 2020ರ ಮಾರ್ಚ್‌ನಲ್ಲಿ ಕೆಡವಲಾಯಿತು. ವಿಶ್ವ ಪರಂಪರೆಯ ನೆಲದಲ್ಲಿ ಮನಬಂದಂತೆ ಕಟ್ಟಡ ಏಳಿಸುವಂತಿಲ್ಲ, ಏಳಿಸಲೂಬಾರದು. ಹಾಗೆಂದು ಅಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಲು ಬರುವ ಜನ ಕಡಿಮೆಯಾಗಿಲ್ಲ. ಪಾಯ ತೋಡದೆ ರಾತ್ರಿ ತಂಗಿ, ಮುಂಜಾನೆ ಹೊರಟುಹೋಗುವ ಗಾಡಿ ಇಂಥ ಕಡೆಗೇ ಹೇಳಿ ಮಾಡಿಸಿದ್ದು.

ಗಾಡಿ ಬಂದರಷ್ಟೇ ಸಾಲದು. ಆರ್‌ವಿಯ ಬಚ್ಚಲು, ಶೌಚದ ಕೊಳಚೆಯೆಲ್ಲ ಅದರ ಹೊಟ್ಟೆಯೊಳಗಿನ ಟ್ಯಾಂಕಿನಲ್ಲೇ ತುಂಬಿಕೊಳ್ಳುತ್ತದೆ. ಅದನ್ನು ಸುರಿಯಲು ಗೊತ್ತಾದ ಜಾಗ ಇಲ್ಲವಾದರೆ ಕೊನೆಗೆ ಸೇರುವುದು ಹಳ್ಳವನ್ನೋ ಹೊಳೆಯನ್ನೋ. ಅಂಜನಾದ್ರಿಗೆ ಹತ್ತಿರದ ಆನೆಗೊಂದಿಯ ಆಸುಪಾಸು ಒಂದು ಮಟ್ಟಸ ಮೈದಾನ, ಕುಡಿಯುವ ನೀರಿನ ನಲ್ಲಿ, ಕರೆಂಟಿನ ಪಾಯಿಂಟು, ಕೊಳಚೆ ಇಳಿಸುವ ಗುಂಡಿ, ಹೆಂಗಸರಿಗೆ ಬಾಗಿಲಿರುವ ಶೌಚಾಲಯ ಇಷ್ಟಾದರೆ ಲಕ್ಷಗಟ್ಟಲೆ ಬೆಲೆಯ ಕ್ಯಾರವಾನೂ ನಿಲ್ಲಬಹುದು, ಕುಷ್ಟಗಿಯಿಂದ ಬಂದ ಕ್ರೂಸರ್ ಕೂಡ. ಹುಲಿಗಿಯ ಹುಣ್ಣಿಮೆ ಮಂದಿಗೆ ಬೇಕಿರುವುದೂ ಇಂಥದೇ ಒಂದು ಮೈದಾನ. ಅವರಂತೂ ಯಾವ ನೀತಿಗೂ ಕಾಯದೆ ಮುಂದಿನ ಹುಣ್ಣಿಮೆಗೆ ಬಂದೇ ಬರುತ್ತಾರೆ.