ಗಬ್ಬದ ಮೇಕೆಯ ಹಾಲು ಎಷ್ಟು ದಿನ ಕರೀಬಹುದು?

ಮನೆಬಳಕೆಗೆ ಎರಡು ಮೂರು ಮೇಕೆ ಸಾಕಿರುವ ರೈತರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. "ಹೋತಕ್ಕೆ ಬಿಟ್ಟ ಮೇಲೆ ಹಾಲು ಕರೀಬಹುದಾ? ಗಬ್ಬ ನಿಂತಿದೆ, ಆದ್ರೂ ಅರ್ಧ ಲೀಟರ್ ಕೊಡ್ತಾ ಇದೆ, ಬಿಡೋದಾ?" ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದರೆ ಆ ಅರ್ಧ ಲೀಟರ್ ಹಾಲು ಬಿಡೋದು ಸುಲಭ ಅಲ್ಲ. ಆದ್ದರಿಂದ ಈ ವಾರ ಇದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಬೆದೆಯಲ್ಲಿದ್ದಾಗಲೂ ಕರೀಬಹುದು, ಗಬ್ಬದ ಮೊದಲ ಮೂರು ತಿಂಗಳೂ ಕರೀಬಹುದು. ಕೊನೆಯ ಎರಡು ತಿಂಗಳು ಮಾತ್ರ ಕರೆಯಬಾರದು. ಆ ಎರಡು ತಿಂಗಳು ಮೇಕೆ ಮತ್ತು ಮರಿಗೆ ಸೇರಿದ್ದು.

ಬೆದೆಯ ಸಮಯದಲ್ಲಿ

ನಮ್ಮ ಕಡೆ ನಾಟಿ ಮೇಕೆಗಳಿಗೆ ಇಂಥದ್ದೇ ಕಾಲ ಅಂತಿಲ್ಲ, ವರ್ಷವಿಡೀ ಬೆದೆಗೆ ಬರುತ್ತವೆ. ಮಳೆ ಬಿದ್ದು ಹಸಿರು ಮೇವು ಚೆನ್ನಾಗಿ ಸಿಕ್ಕಾಗ ಇನ್ನೂ ಹೆಚ್ಚು. ಸಾನೆನ್‌ನಂಥ ಚಳಿದೇಶದ ತಳಿಗಳು ಮಾತ್ರ ಹಗಲು ಕಡಿಮೆಯಾಗುವ ಕಾಲಕ್ಕೆ ಕಾಯುತ್ತವೆ. ಗಬ್ಬ ನಿಲ್ಲದ ಮೇಕೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಬೆದೆ ಒಂದರಿಂದ ಎರಡು ದಿನ ಇರುತ್ತದೆ. ಸುಮ್ಮನೆ ಕೂಗುವುದು, ಬಾಲ ಅಲ್ಲಾಡಿಸುತ್ತಲೇ ಇರುವುದು, ಲೋಳೆ ಸೋರುವುದು, ಮೇವಿನ ಕಡೆ ಗಮನ ಇಲ್ಲದಿರುವುದು ಇದರ ಗುರುತು.

ಆ ದಿನ ಹಾಲು ಕಡಿಮೆ ಆಗಬಹುದು. ಗಾಬರಿ ಬೇಡ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕರೆಯುವ ಹೊತ್ತು ಮಾತ್ರ ತಪ್ಪಿಸಬೇಡಿ.

ಇನ್ನೊಂದು ತೊಂದರೆ ಹೋತದ ವಾಸನೆ. ಹೋತದ ಕೊಂಬಿನ ಬುಡದ ಹಿಂದೆ ವಾಸನೆಯ ಗ್ರಂಥಿಗಳಿವೆ. ಸಾಲದ್ದಕ್ಕೆ ಬೆದೆಯ ಸಮಯದಲ್ಲಿ ಅದು ತನ್ನ ಗಡ್ಡಕ್ಕೂ ಮುಂಗಾಲಿಗೂ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ. ಆ ವಾಸನೆ ಮೇಕೆಯ ಮೈಗೆ, ನಮ್ಮ ಕೈಗೆ ಅಂಟಿ ಹಾಲಿಗೂ ಬರುತ್ತದೆ. "ಮೇಕೆ ಹಾಲು ನಾತ" ಅಂತ ಮೂಗು ಮುರಿಯುವವರು ಎಷ್ಟೋ ಸಲ ಕುಡಿದಿರುವುದು ಹೋತದ ಜೊತೆ ಕಟ್ಟಿದ ಮೇಕೆಯ ಹಾಲನ್ನೇ. ಹೋತವನ್ನು ಬೇರೆ ಕಡೆ ಕಟ್ಟಿ. ಬೆದೆಗೆ ಬಂದ ಮೇಕೆಯನ್ನು ಹೋತದ ಹತ್ತಿರ ಕರೆದೊಯ್ಯಿರಿ. ಬಂದ ಮೇಲೆ ಕೆಚ್ಚಲು, ಕೈ ಎರಡನ್ನೂ ತೊಳೆದು ಕರೆಯಿರಿ, ಹಾಲನ್ನು ಕೂಡಲೇ ಸೋಸಿ ಮುಚ್ಚಿಡಿ.

ದಿನಾಂಕ ಬರೆದಿಡಿ

ಹೋತಕ್ಕೆ ಬಿಟ್ಟ ದಿನ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಲೆಕ್ಕವೂ ಸಿಗಲ್ಲ. ನಾನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತೇನೆ. ಮೇಕೆಯ ಗಬ್ಬ ಸುಮಾರು 150 ದಿನ, ಐದು ದಿನ ಹಿಂದೆ ಮುಂದೆ. ಅಕ್ಟೋಬರ್ 10ಕ್ಕೆ ಬಿಟ್ಟಿದ್ದೀರಿ ಅಂದುಕೊಳ್ಳಿ, ಲೆಕ್ಕ ಹೀಗೆ:

- ಅಕ್ಟೋಬರ್ 28ರಿಂದ ನವೆಂಬರ್ 1: ಮತ್ತೆ ಬೆದೆಗೆ ಬರುತ್ತಾ ನೋಡಿ
- ನವೆಂಬರ್ ಕೊನೆ: ಅನುಕೂಲ ಇದ್ದರೆ ಪಶುವೈದ್ಯರಿಂದ ಸ್ಕ್ಯಾನಿಂಗ್
- ಜನವರಿ 8: ಹಾಲು ಪೂರ್ತಿ ನಿಂತಿರಬೇಕು
- ಫೆಬ್ರವರಿ 9ರ ಸುಮಾರಿಗೆ: ಪಶುವೈದ್ಯರನ್ನು ಕೇಳಿ ಕರುಳುಬೇನೆ, ಧನುರ್ವಾಯು ಲಸಿಕೆ
- ಮಾರ್ಚ್ 9ರ ಆಸುಪಾಸು: ಈಯುವ ದಿನ

ಮತ್ತೆ ಬೆದೆಗೆ ಬರಲಿಲ್ಲ ಅಂದ ಮಾತ್ರಕ್ಕೆ ಗಬ್ಬ ಅಂತ ಖಾತ್ರಿ ಮಾಡಿಕೊಳ್ಳಬೇಡಿ. ಕೆಲವು ಮೇಕೆಗಳಲ್ಲಿ ಗರ್ಭಕೋಶದಲ್ಲಿ ಬರೀ ನೀರು ತುಂಬಿ, ಹೊಟ್ಟೆಯೂ ದಪ್ಪ ಆಗಿ, ಕೊನೆಗೆ ಮರಿಯೇ ಇರುವುದಿಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ಇದು ಮೊದಲೇ ಗೊತ್ತಾಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಕೇಳದೆ ಜಂತುನಾಶಕ ಕುಡಿಸಬೇಡಿ. ಆಲ್ಬೆಂಡಜೋಲ್‌ನಂಥ ಔಷಧಿಯಿಂದ ಮರಿಗೆ ಊನ ಆಗಬಹುದು.

ಕೊನೆಯ ಎರಡು ತಿಂಗಳು ಯಾಕೆ ಬಿಡಬೇಕು?

ಮೊದಲ ಮೂರು ತಿಂಗಳಲ್ಲಿ ಹೊಟ್ಟೆಯ ಮರಿ ತುಂಬ ಚಿಕ್ಕದು. ಹುಟ್ಟುವ ಹೊತ್ತಿಗೆ ಮರಿ ಎಷ್ಟು ತೂಗುತ್ತದೋ ಅದರ ಮುಕ್ಕಾಲು ಪಾಲಿನಷ್ಟು ಬೆಳೆಯುವುದು ಕೊನೆಯ ಐವತ್ತು ದಿನಗಳಲ್ಲಿ. ಮರಿ ದೊಡ್ಡದಾದಂತೆ ಮೇಕೆಯ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಮ್ಮಿ. ಹಾಲನ್ನೂ ನಾವು ಹಿಂಡಿದರೆ ಮೇಕೆ ತನ್ನ ಮೈಯನ್ನೇ ಕರಗಿಸಿಕೊಳ್ಳಬೇಕು.

ಕೆಚ್ಚಲಿಗೂ ಬಿಡುವು ಬೇಕು. ಹಳೆಯ ಅಂಗಾಂಶ ಹೋಗಿ ಹೊಸದು ಬೆಳೆಯುವುದು ಆಗಲೇ. ಗಿಣ್ಣುಹಾಲು ತಯಾರಾಗುವುದು ಕೊನೆಯ ಕೆಲವು ವಾರಗಳಲ್ಲಿ. ಹುಟ್ಟುವಾಗ ಮರಿಯ ರಕ್ತದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚುಕಡಿಮೆ ಇರುವುದೇ ಇಲ್ಲ, ಗಿಣ್ಣಿನಿಂದಲೇ ಬರಬೇಕು. ಈಯುವವರೆಗೂ ಕರೆಯುತ್ತಿದ್ದರೆ ಆ ಗಿಣ್ಣು ತೆಳುವಾಗುತ್ತದೆ.

ಕಳೆದ ವರ್ಷ ನಮ್ಮೂರಲ್ಲೇ ಒಬ್ಬರ ಮನೆಯಲ್ಲಿ ಈಯುವ ಹದಿನೈದು ದಿನ ಮುಂಚಿನವರೆಗೂ ಕರೆದರು. ಮೊಮ್ಮಗುವಿಗೆ ಬೇರೆ ಹಾಲು ಒಗ್ಗುತ್ತಿರಲಿಲ್ಲ, ಅವರ ಕಷ್ಟ ಅವರಿಗೆ. ಅವಳಿ ಮರಿ ಹುಟ್ಟಿದವು, ಎರಡೂ ಸಣಕಲು. ಒಂದು ಮೂರನೇ ದಿನ ಹೋಯಿತು. ಲೆಕ್ಕ ಹಾಕಿ ನೋಡಿ: ಆ ಸಮಯದಲ್ಲಿ ದಿನಕ್ಕೆ ಕಾಲು ಲೀಟರ್ ಸಿಕ್ಕರೂ ಅರವತ್ತು ದಿನಕ್ಕೆ ಹದಿನೈದು ಲೀಟರ್. ಒಂದು ಮರಿ ಉಳಿದು ಬೆಳೆದರೆ ಸಾವಿರಾರು ರೂಪಾಯಿ.

ಹಾಲು ಬತ್ತಿಸುವುದು ಹೇಗೆ?

ನಿಲ್ಲಿಸಬೇಕಾದ ದಿನಕ್ಕೆ ಒಂದು ವಾರ ಮುಂಚೆ ಹಿಂಡಿ, ಬೂಸಾ ಕಡಿಮೆ ಮಾಡಿ. ಒಣಮೇವು ಹೊಟ್ಟೆ ತುಂಬ ಇರಲಿ. ಎರಡು ಹೊತ್ತು ಕರೆಯುತ್ತಿದ್ದರೆ ಒಂದು ಹೊತ್ತಿಗೆ ಇಳಿಸಿ, ನಾಲ್ಕೈದು ದಿನ ಆದ ಮೇಲೆ ಪೂರ್ತಿ ನಿಲ್ಲಿಸಿ. ದಿನಕ್ಕೆ ಅರ್ಧ ಲೀಟರ್‌ಗಿಂತ ಕಡಿಮೆ ಕೊಡುವ ಮೇಕೆಯಾದರೆ ಒಮ್ಮೆಲೇ ನಿಲ್ಲಿಸಿದರೂ ನಡೆಯುತ್ತದೆ. ಕೆಲವರು ಕುಡಿಯುವ ನೀರನ್ನೂ ಕಡಿಮೆ ಮಾಡುತ್ತಾರೆ. ಗಬ್ಬದ ಮೇಕೆಗೆ ಹಾಗೆ ಮಾಡಲೇಬಾರದು.

ನಿಲ್ಲಿಸಿದ ಮೇಲೆ ಎರಡು ಮೂರು ದಿನ ಕೆಚ್ಚಲು ಬಿಗಿಯುತ್ತದೆ. ಪಾಪ ಅಂತ ಸ್ವಲ್ಪ ಹಿಂಡಿದರೆ ಮತ್ತೆ ಹಾಲು ಇಳಿಯುತ್ತದೆ, ಬತ್ತುವುದು ತಡವಾಗುತ್ತದೆ. ಸುಮ್ಮನೆ ಬಿಟ್ಟರೆ ಮೈಯೇ ಹೀರಿಕೊಳ್ಳುತ್ತದೆ. ಆದರೆ ಕೆಚ್ಚಲು ಬಿಸಿಯಾಗಿ, ಒಂದು ಕಡೆ ಮಾತ್ರ ಗಟ್ಟಿಯಾಗಿ, ಮುಟ್ಟಿದರೆ ಒದೆಯುತ್ತಿದ್ದರೆ ಅದು ಕೆಚ್ಚಲು ಬಾವು. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಹಸುವಿಗೆ ತಂದ ಟ್ಯೂಬ್ ಔಷಧಿಯನ್ನು ನೀವೇ ಏರಿಸಬೇಡಿ.

ಬತ್ತಿದ ಮೇಲೆ ಮೇವು

ಹಾಲು ನಿಂತು ಹತ್ತು ದಿನ ಕಳೆದ ಮೇಲೆ ಕೈತಿಂಡಿ ಮತ್ತೆ ಶುರುಮಾಡಿ. ಕಾಲು ಕೆಜಿಯಿಂದ ಆರಂಭಿಸಿ ಮೇಕೆಯ ಗಾತ್ರ ನೋಡಿಕೊಂಡು ನಿಧಾನವಾಗಿ 400 ಗ್ರಾಂವರೆಗೆ ಏರಿಸಬಹುದು. ಜೊತೆಗೆ ಅಗಸೆ, ಹಿಪ್ಪುನೇರಳೆ ಸೊಪ್ಪು, ಲವಣ ಮಿಶ್ರಣ ಇರಲಿ. ಕೊನೆಯ ತಿಂಗಳಲ್ಲಿ ಮೇಕೆ ಮೇವು ಬಿಟ್ಟು ಮಂಕಾಗಿ ನಿಂತರೆ, ಬಾಯಲ್ಲಿ ಹಣ್ಣು ಕೊಳೆತಂಥ ಸಿಹಿ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಅವಳಿ ತ್ರಿವಳಿ ಹೊತ್ತ ಮೇಕೆಗೆ ಶಕ್ತಿ ಸಾಲದೆ ಬರುವ ಈ ತೊಂದರೆಯಲ್ಲಿ ತಾಯಿ ಮರಿ ಎರಡೂ ಹೋಗಬಹುದು.

ಮನೆಗೆ ಹಾಲು ಬೇಡವೇ?

ಬೇಕು. ಅದಕ್ಕೆ ದಾರಿ ಇದೆ. ಎಲ್ಲ ಮೇಕೆಗಳನ್ನೂ ಒಟ್ಟಿಗೆ ಹೋತಕ್ಕೆ ಬಿಡಬೇಡಿ. ನಾಟಿ ಮೇಕೆ ಯಾವ ಕಾಲದಲ್ಲಾದರೂ ಬೆದೆಗೆ ಬರುವುದರಿಂದ ಎರಡು ಮೇಕೆ ಇದ್ದರೆ ನಾಲ್ಕೈದು ತಿಂಗಳ ಅಂತರ ಇಡಿ. ಒಂದು ಬತ್ತುವಾಗ ಇನ್ನೊಂದು ಈದಿರುತ್ತದೆ. ಒಂದೇ ಮೇಕೆ ಇದ್ದು, ಚೆನ್ನಾಗಿ ಹಾಲು ಕೊಡುತ್ತಿದ್ದರೆ, ಒಂದು ಬೆದೆ ಬಿಟ್ಟು ಮುಂದಿನ ಬೆದೆಗೆ ಬಿಟ್ಟರೂ ನಷ್ಟವಿಲ್ಲ. ಮತ್ತೆ ಯಾವ ಮೇಕೆಯ ಹಾಲಾದರೂ ಕಾಯಿಸಿಯೇ ಕುಡಿಯಿರಿ, ಅದರಲ್ಲೂ ಹಿಂಡಿನಲ್ಲಿ ಕಂದು ಹಾಕಿದ ಮೇಕೆ ಇದ್ದರೆ. ಬ್ರುಸೆಲ್ಲೋಸಿಸ್ ಹಸಿಹಾಲಿನಿಂದ ಮನುಷ್ಯರಿಗೂ ಬರುತ್ತದೆ.

ಇವತ್ತೇ ಕೊಟ್ಟಿಗೆಗೆ ಹೋಗಿ, ಯಾವ ಮೇಕೆಯನ್ನು ಎಂದು ಹೋತಕ್ಕೆ ಬಿಟ್ಟಿರಿ ಅಂತ ನೆನಪು ಮಾಡಿಕೊಂಡು ಬರೆದಿಡಿ. ಮೂರು ತಿಂಗಳು ದಾಟಿದ್ದರೆ ಬತ್ತಿಸುವ ಕೆಲಸ ಈ ವಾರವೇ ಶುರುವಾಗಲಿ.